ಹೀರೋ ಪಾರ್ಟಿನ ಹುಡುಗ

ಮೂರನೇ ಸೀನಿನಲ್ಲಿ ಹೀರೋ ಹೀರೋಯಿನ್ನಿನ ಕೆನ್ನೆಗೆ ನಿಜವಾಗಿಯೇ ಹೊಡೆದ.

ನಾಟಕದ ಏಟಿಗೆ ಒಂದು ರೀತಿಯಿದೆ. ಕೈ ಗಾಳಿಯಲ್ಲಿ ಹೋಗಬೇಕು, ಸದ್ದು ತಬಲಾದಿಂದ ಬರಬೇಕು, ಹೆಂಗಸು ಮುಖ ತಿರುವಬೇಕು. ತಬಲಾದ ಇಸ್ರಾರನ ಕೈ ಇನ್ನೂ ಮೇಲೆಯೇ ಇತ್ತು. ಸದ್ದು ಆಗಲೇ ಬಂದುಬಿಟ್ಟಿತ್ತು. ಪುಷ್ಪಲತಾಳ ಕಿವಿಯೋಲೆ ಸಿಡಿದು ಹಾರ್ಮೋನಿಯಂ ಮೇಲೆ ಬಿತ್ತು. ಪೇಟಿ ಮಾಸ್ತರ ಮಕ್ತುಂ ಸಾಬರ ಬೆರಳು ನಿಂತವು.

ಸಮುದಾಯ ಭವನದ ತುಂಬ ಕುಳಿತಿದ್ದ ಹುಡುಗರು ಶಿಳ್ಳೆ ಹೊಡೆದರು.

ಹೊಸಹಳ್ಳಿ ಸೀಮೆಯ ಊರುಗಳಲ್ಲಿ ನಾಟಕವೆಂದರೆ ಗಂಡು ಪಾರ್ಟುಗಳೆಲ್ಲ ಊರಿನವರಿಗೆ, ಹೆಣ್ಣು ಪಾರ್ಟಿಗೆ ಮಾತ್ರ ಹೊರಗಿನ ಕಲಾವಿದೆ. ಗಂಡಸರು ಮೂರು ತಿಂಗಳು ಬಾಯಿಪಾಠ ಮಾಡಿದ್ದನ್ನು ಅವಳು ಆಟದ ದಿನ ಬೆಳಿಗ್ಗೆ ಬಸ್ಸಿಳಿದು ಒಂದೇ ಟ್ರಯಲ್ಲಿನಲ್ಲಿ ಎತ್ತಿಕೊಳ್ಳಬೇಕು. ಟ್ರಯಲ್ಲು ಶುರುವಾಯಿತೆಂದರೆ ಯಾರಿಗೂ ಸ್ವಂತ ಹೆಸರಿಲ್ಲ. ಹೀರೋ ಮುಂದೆ ಬಾ, ವಿಲನ್ ಹಿಂದೆ ಸರಿ, ಕಾಮಿಡಿ ಎಲ್ಲಿ ಹಾಳಾದ, ಅಷ್ಟೇ. ಮಕ್ತುಂ ಸಾಬರೇ ಹಾಕಿದ ಪದ್ಧತಿ ಅದು. ಹೆಸರು ಹಿಡಿದು ಕರೆದರೆ ಅದರ ಬೆನ್ನಿಗೆ ಮನೆತನವೂ ನಾಟಕದ ಅಟ್ಟ ಹತ್ತುತ್ತದೆ, ಪಾರ್ಟು ಕೆಡುತ್ತದೆ ಎಂದು ಅವರ ನಂಬಿಕೆ. ಆದರೇನು, ಹೀರೋ ಪಾರ್ಟು ಸಿಗುವುದು ಮನೆತನ ನೋಡಿಯೇ, ಗಂಟಲು ನೋಡಿ ಅಲ್ಲ.

ಆ ಪದಕ್ಕೆ ಊರಿನಲ್ಲಿ ಬರವಿಲ್ಲ. ಕಪ್ಪು ಕನ್ನಡಕ ಹಾಕಿದವನು ಹೀರೋ. ಪರೀಕ್ಷೆ ಫೇಲಾಗಿ ಬಂದ ಮಗನಿಗೆ ಅಪ್ಪ 'ಬಂದ ನೋಡು ಹೀರೋ' ಎಂದು ಉಗಿಯುತ್ತಾನೆ. ಪಂಚಾಯಿತಿ ಗೆದ್ದವನ ಫ್ಲೆಕ್ಸಿನ ಮೇಲೂ ಅದೇ ಅಕ್ಷರ. ಹಳ್ಳದ ದಂಡೆಯಲ್ಲಿ, ಊರ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ವೀರಗಲ್ಲೊಂದಿದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಪುಷ್ಪಲತಾ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ವಯಸ್ಸು ನಲವತ್ತೊಂದು, ಹೇಳಿಕೊಳ್ಳುವುದು ಮೂವತ್ತೆರಡು. ಇದಕ್ಕಿಂತ ಕೆಟ್ಟ ಕೈಗಳನ್ನು ಅಟ್ಟದ ಮೇಲೆ ನುಂಗಿಕೊಂಡವಳು. "ಮುಂದಿನ ಮಾತು ಹೇಳ್ರಿ" ಎಂದಳು.

ವಿಲನ್ ಪಾರ್ಟಿನ ದುರುಗೇಶನಿಗೆ ಸಮಾಧಾನ ಹೇಳುವ ಹುಕಿ ಬಂತು. "ಮನಸಿಗೆ ಹಚ್ಕೋಬ್ಯಾಡಕ್ಕ. ನಮ್ಮ ಗುರುಬಸವರಾಜ ಗೌಡ್ರ ಮಗ ಅಂವ, ಕೊಟ್ರೇಶಿ. ಮದಿವಿ ಆಗಿ ಒಂಬತ್ತು ವರ್ಷಕ್ಕ, ಹರಕಿ ಹೊತ್ತ ಮ್ಯಾಲೆ ಕೊಟ್ಟೂರಪ್ಪ ಕೊಟ್ಟ ಕೂಸು. ಮುದ್ದು ಜಾಸ್ತಿ."

ಯಾವ ಗೌಡರು ಎಂದು ಕೇಳಿದಳು. ಹಿಂದೆ ಕೊಟ್ಟೂರಿನಲ್ಲಿ ಉಳ್ಳಾಗಡ್ಡಿ ಮಂಡಿ ಇಟ್ಟಿದ್ದರಲ್ಲ, ಅವರೇ ಎಂದ.

ಪುಷ್ಪಲತಾ ನಿಂತಲ್ಲೇ ಕುಳಿತಳು. ಚೌರಿ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಈ ಪಾರ್ಟು ನನ್ನಿಂದ ಆಗುವುದಿಲ್ಲ ಮಾಸ್ತರ, ಎಂದಳು.

ಮಕ್ತುಂ ಸಾಬರಿಗೆ ಅರ್ಥವಾಯಿತು. ಏಟು ಕೆಲವರಿಗೆ ತಡವಾಗಿ ಉರಿಯುತ್ತದೆ, ಹೊಡೆದವನು ಉಳ್ಳವನೆಂದು ತಿಳಿದ ಮೇಲಂತೂ ಇನ್ನೂ ಹೆಚ್ಚು. ಪಕ್ಕದಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು. ಆಟದ ದಿನ ಕೈ ಕೊಟ್ಟವಳೆಂದು ಹೆಸರು ಬಿದ್ದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಒಂದು ಊರೂ ಕರೆಯುವುದಿಲ್ಲ. ಹೊಟ್ಟೆಗೆ ಬೇರೆ ದಾರಿ ಏನಿದೆ? ಅವಳು ತಲೆಯಾಡಿಸಿದಳು, ಗೊತ್ತಿದೆ ಎಂಬಂತೆ. ಏಳಲಿಲ್ಲ.

ಕೊನೆಗೆ ಸಾಬರು ಹೀರೋನನ್ನೇ ಗದರಿಸಿ ಕರೆತಂದರು. ಇಪ್ಪತ್ತೆರಡರ ಹುಡುಗ. ಗೋಡೆ ನೋಡುತ್ತ "ತಪ್ಪಾತು" ಎಂದ.

ಪುಷ್ಪಲತಾ ಅವನ ಬಲಗೈ ಹಿಡಿದಳು. ಅಂಗೈ ಮೇಲೆ ಮಾಡಿ ನೋಡಿದಳು, ಬಹಳ ಹೊತ್ತು.

"ಕೈ ನೋವಾತೇನಪ್ಪಾ?"

ಹುಡುಗರು ಹೋ ಎಂದು ನಕ್ಕರು. ಹೀರೋ ಕೈ ಕಿತ್ತುಕೊಂಡು, ಎಂಥ ಚುಚ್ಚುಮಾತು ಆಡುತ್ತಾಳೆ ನೋಡಿ ಮಾಸ್ತರ ಎಂದು ದೂರು ಹೇಳಿದ. ಸಾಬರಿಗೂ ಹಾಗೇ ಅನ್ನಿಸಿತು. ಭಲೇ ಹೆಣ್ಣೇ, ಎಂದುಕೊಂಡರು ಒಳಗೊಳಗೆ.

ಸುದ್ದಿ ಗೌಡರಿಗೆ ಮುಟ್ಟಿತು. ಬಾಗಿಲಿಗೆ ಬಂದವರು ಅವಳ ಮುಖ ಕಂಡು ಹೊಸ್ತಿಲಲ್ಲೇ ನಿಂತರು. ನಾಟಕದವಳ ಸೊಕ್ಕಿಗೆ ಗೌಡಿಕೆ ಕೆರಳಿತು ಎಂದುಕೊಂಡರು ಸಾಬರು. ಗೌಡರು ಹುಡುಗರನ್ನೆಲ್ಲ ಹೊರಗಟ್ಟಿದರು, ಮಗನನ್ನೂ. ಸಾಬರು ಮಾತ್ರ ಪೇಟಿ ಬಿಟ್ಟು ಏಳಲಿಲ್ಲ. ತಾವು ಕರೆತಂದ ಹೆಣ್ಣನ್ನು ಒಬ್ಬಳನ್ನೇ ಬಿಟ್ಟು ಹೋಗುವವರಲ್ಲ. ಗೌಡರೂ ಅವರನ್ನು ಲೆಕ್ಕಕ್ಕಿಡಲಿಲ್ಲ.

ಬೈಗುಳ ಬರುತ್ತದೆಂದು ಸಾಬರು ಕಾದರು. ಬರಲಿಲ್ಲ.

"ಪುಷ್ಪಾ" ಎಂದರು ಗೌಡರು, ಮೆಲ್ಲಗೆ. "ಆದದ್ದು ಆಗಿ ಹೋಗೇತಿ. ಈಗ ನೀ ಎದ್ದು ಹೋದ್ರ ಯಾಕಂತ ಊರು ಕೇಳ್ತತಿ. ನನ್ನ ಮನಿ ಮುಂದ ಬಂದು ಕೇಳ್ತತಿ. ಸುಮ್ನ ಬಣ್ಣ ಹಚ್ಕೊಂಡು ನಿಂದ್ರು."

"ಏಟು ಖರೇನ ಬಿದ್ದೇತ್ರಿ ಗೌಡ್ರ" ಎಂದರು ಸಾಬರು, ತಡೆಯಲಾರದೆ.

ಗೌಡರು ಅತ್ತ ತಿರುಗಲಿಲ್ಲ. ಅವರ ಹಣೆ ಬೆವೆತಿತ್ತು. "ನಿಮ್ಮಿಬ್ಬರ ಉಳಿದ ಸೀನೆಲ್ಲ ಕಡಿಮಿ ಮಾಡಿಸ್ತೀನಿ. ಮದಿವಿ ಸೀನು ಒಂದು ಮುಗಿಸಿಕೊಡು. ಬರೇ ನಾಟಕ ಅದು."

ಪುಷ್ಪಲತಾ ಎದ್ದಳು. ಐದು ಬೆರಳೂ ಕೆನ್ನೆಯ ಮೇಲೆ ಎದ್ದು ಕಾಣುತ್ತಿದ್ದವು. ಕಿಟಕಿಯಾಚೆ ಗೆಳೆಯರ ನಡುವೆ ನಗುತ್ತ ನಿಂತಿದ್ದ ಹೀರೋನನ್ನು ಒಮ್ಮೆ ನೋಡಿದಳು.

"ಇನ್ನೂ ಹತ್ತು ಏಟು ಹೊಡೀಲಿ, ತಿಂತೀನಿ" ಎಂದಳು. "ನಾ ಹೆತ್ತ ಮಗನ ಕೊರಳಿಗೆ ನಾ ಮಾಲಿ ಹಾಕೂದಿಲ್ರಿ ಗೌಡ್ರ."