ಬಾವುಟದ ಬುಡ

"ಜಾಗ ತೋರಿಸಿ, ಒಂದು ಹಿಡಿ ಮಣ್ಣು ತಗೊಂಡು ಹೋಗ್ಬಿಡೋಣ," ಎಂದಳು ಹೆಂಡತಿ. ಮಾರಾಟವಾದ ಗಾಲ್ಫ್ ಮೈದಾನದ ನಡುವೆ ಮಾಲಿ ಆಗಷ್ಟೇ ಕಿತ್ತ ಬಾವುಟದ ಕೋಲು ಹಿಡಿದು ನಿಂತಿದ್ದ. ಇಬ್ಬರೂ ಜಾಗ ಖಾಲಿ ಮಾಡಲೆಂದು ಬುಲ್ಡೋಜರ್ ಗುರುಗುಟ್ಟುತ್ತ ಕಾಯುತ್ತಿತ್ತು.

ಉಸಿರಿಲ್ಲದೆ ಹುಟ್ಟಿದ ಮಗಳನ್ನು ಅವನು ಇಲ್ಲೇ ಎಲ್ಲೋ ಮಲಗಿಸಿದ್ದ. ಹುಲ್ಲಿನ ಹಾಸನ್ನು ಮೆಲ್ಲಗೆ ಎತ್ತಿ, ಯಾರಿಗೂ ಗುರುತು ಸಿಗದ ಹಾಗೆ ಮತ್ತೆ ಹೊದಿಸಿದ್ದ. ಹಸಿ ಬಾಣಂತಿಗೆ ಹೇಳಿದ್ದು ಇಷ್ಟೇ: "ಬಾವುಟದ ಬುಡದಲ್ಲಿದ್ದಾಳೆ." ಅಂದಿನಿಂದ ಅವಳು ಕೆಲಸಕ್ಕೆ ಹೋಗುವಾಗಲೆಲ್ಲ ಬೇಲಿಯಾಚೆ ಒಂದು ಗಳಿಗೆ ನಿಂತು, ಬಾವುಟವನ್ನು ಕಣ್ತುಂಬ ನೋಡಿಯೇ ಮುಂದೆ ಹೋಗುತ್ತಿದ್ದಳು.

ಆಟಗಾರರು ಒಂದೇ ಕಡೆ ತುಳಿದರೆ ಹುಲ್ಲು ಸಾಯುತ್ತದೆಂದು ದಿನಾ ಬೆಳಿಗ್ಗೆ ಚೆಂಡು ಬೀಳುವ ಹಳೆಯ ಕುಳಿ ಮುಚ್ಚಿ, ಹೊಸದು ಕೊರೆದು, ಬಾವುಟವನ್ನು ಅಲ್ಲಿಗೆ ಸರಿಸುವುದೇ ಅವನ ಕೆಲಸವಾಗಿತ್ತು. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ವರ್ಷಗಳು ಉರುಳಿ, ಜಾಗ ಅವನಿಗೇ ಮರೆತುಹೋಗಿತ್ತು. ಈಗ ಎತ್ತ ನೋಡಿದರೂ ಒಂದೇ ಹಸಿರು. ಅವನ ಕೈಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

ಬುಲ್ಡೋಜರ್ ಚಾಲಕ ಹಾರ್ನ್ ಒತ್ತಿದ. ಮಾಲಿ ಕಾಲೆಳೆದುಕೊಂಡು ನಾಲ್ಕು ಹೆಜ್ಜೆ ನಡೆದು, ಕಣ್ಣು ಮುಚ್ಚಿ ಕೋಲನ್ನು ನೆಲಕ್ಕೆ ಊರಿದ. "ಇಲ್ಲೇ," ಎಂದ.

ಅವಳು ಮಂಡಿಯೂರಿ ಕೂತು, ಮಲಗಿದ ಮಗುವಿನ ತಲೆ ಸವರುವಂತೆ ಹುಲ್ಲನ್ನು ಸವರಿದಳು. ಆಮೇಲೆ ತಲೆಯೆತ್ತದೆ ಹೇಳಿದಳು: "ಕೋಲು ಗಟ್ಟಿಯಾಗಿ ಹಿಡ್ಕೊಳ್ಳಿ. ಇವತ್ತೊಂದು ದಿನ ಸರಿಸಬೇಡಿ."