ಪುಟ ತಿರುಗಿಸುವ ಜಾಗ

ಪಿಯಾನೊದ ಮೇಲೆ ಅಪ್ಪನ ಎಡಗೈ ಥಟ್ಟನೆ ನಿಂತಿತು. ಬಾಗಿಲ ಬಳಿ ನಿಂತಿದ್ದ ಮಗಳು ಒಂದು ಹೆಜ್ಜೆ ಒಳಗಿಟ್ಟಳು. ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ಅವರು ಪಿಯಾನೊ ಮುಟ್ಟಿದ್ದು ಇವತ್ತೇ. ಅವರ ಪ್ರಾಯದಲ್ಲಿ ಊರೆಲ್ಲ ಗುನುಗುತ್ತಿದ್ದ ಹಾಡೊಂದನ್ನು ಎಡಗೈ ಒಂದಕ್ಕೇ ಒಗ್ಗುವಂತೆ ಅವಳು ಸ್ವರಲಿಪಿಯಲ್ಲಿ ಬರೆದುಕೊಟ್ಟಿದ್ದಳು. ಈಗ ಬೇಸತ್ತು ಎದ್ದರೆ ಮತ್ತೆ ಕೂರುವವರಲ್ಲ.

"ಇಲ್ಲಿ ಯಾಕಮ್ಮ ಹಾಡು ನಿಲ್ಲಿಸಿದ್ದೀಯ?"

"ಪುಟ ತಿರುಗಿಸೋಕೆ ಅಪ್ಪ. ಸ್ವಲ್ಪ ಬಿಡುವು ಇಟ್ಟೆ."

ಅಂಗಿಯ ಗುಂಡಿ ಹಾಕಲೂ ಯಾರನ್ನೂ ಹತ್ತಿರ ಬಿಡದ ಮನುಷ್ಯ. ಪುಟಕ್ಕಾಗಿ ಇನ್ನೊಬ್ಬರನ್ನು ಕರೆಯುತ್ತಾರೆಯೇ?

"ಬಿಡುವಂತೆ ಬಿಡುವು! ಹೋಟೆಲಲ್ಲಿ ನಮ್ಮ ಬ್ಯಾಂಡ್‌ನೋರು ಇದನ್ನ ನುಡಿಸ್ತಿದ್ದಾಗ, ಕುಣಿಯೋರೆಲ್ಲ ಇದೇ ಜಾಗದಲ್ಲಿ ಒಂಟಿಕಾಲಲ್ಲಿ ಗಿರ್ರಂತ ತಿರುಗ್ತಿದ್ರು ಕಣೇ. ನಿಲ್ಲಿಸಿದ್ರೆ ನಿಮ್ಮಮ್ಮ ದೊಪ್ಪಂತ ಬೀಳ್ತಿದ್ಲು."

ಒಳಗಿನಿಂದ ಅಮ್ಮನ ದನಿ ಬಂತು: "ಬೀಳ್ತಿದ್ದೋರು ನಿಮ್ಮ ತಮ್ಮ. ಅವರಿಂದ ಕಾಲು ತುಳಿಸಿಕೊಂಡೋಳು ನಾನು!"

ಅಪ್ಪ ಮುಸಿಮುಸಿ ನಕ್ಕರು. ಪೆನ್ಸಿಲನ್ನು ಎಡಮುಷ್ಟಿಯಲ್ಲಿ ಹಿಡಿದು, ಅಕ್ಷರ ತಿದ್ದುವ ಮಗುವಿನಂತೆ ನಾಲಿಗೆ ಕಚ್ಚಿಕೊಂಡು, ಅವಳು ಬರೆದಿದ್ದ ವಿರಾಮದ ಗುರುತನ್ನು ಸೊಟ್ಟಗೆ ಹೊಡೆದುಹಾಕಿದರು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಕಲ್ಲಾಗಿದ್ದ ರಾಜ ಮೊದಲು ಬೆರಳಾಡಿಸಿದ್ದು ಹೀಗೆಯೇ ಇರಬೇಕು ಎನಿಸಿತು ಅವಳಿಗೆ.

ಆಮೇಲೆ ಅವರು ಬೆಂಚಿನ ಮೇಲೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

"ಹಾಡು ನಿಲ್ಲಬಾರದು. ಬಾ, ಪುಟ ನೀನು ತಿರುಗಿಸು. ನಾನು ಮೊದಲಿಂದ ನುಡಿಸ್ತೀನಿ."