ಪೆನ್ಸಿಲ್ಲಿನ ತುದಿ

ದಳದ ಚುಕ್ಕೆ ಎಣಿಸಲು ಚಾಚಿದ ಪೆನ್ಸಿಲ್ ತಾಗಿ, ಆರ್ಕಿಡ್ ಹೂವಿನ ನಡುವಿದ್ದ ಹಳದಿ ಪರಾಗದ ಉಂಡೆ ಕಿತ್ತು ಬಂತು. ತೀರ್ಪುಗಾರ ಶ್ರೀಶೈಲ ಮಾಸ್ತರು ಪೆನ್ಸಿಲ್ಲನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಪರಾಗ ಕಳೆದುಕೊಂಡ ಹೂವು ಸ್ಪರ್ಧೆಗೆ ಸಲ್ಲದು. ರಾಮದುರ್ಗದ ಆರ್ಕಿಡ್ ಸಂಘಕ್ಕೆ ಆ ನಿಯಮ ಬರೆದುಕೊಟ್ಟವರೇ ಅವರು.

ಉಳಿದ ಸದಸ್ಯರು ಚಹಾದ ಕಡೆ ತಿರುಗಿದ್ದರು. ಕುಂಡದ ಒಡತಿ ಮದರಬಿ ಮಾತ್ರ ಎದುರಿಗಿದ್ದಳು. ನಾಲ್ಕು ವರ್ಷ ಕಾದ ಮೇಲೆ ಅರಳಿದ ಒಂದೇ ಹೂವನ್ನು, ಸಾಲಹಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

“ಪರಾಗ ಬಿದ್ದೇತಿ ನೋಡ್ರಿ. ಬಸ್ಸಿನ್ಯಾಗ ಕುಲುಕಾಡಿರಬೇಕು,” ಎಂದರು ಮಾಸ್ತರು.

ಮದರಬಿ ಹೂವಿನತ್ತ ನೋಡಲಿಲ್ಲ. “ಹಂಗ ಬರಕೋರಿ,” ಎಂದಳು. ಅವರು ಬರೆಯಲು ಅಂಗೈ ಬಿಚ್ಚುವಷ್ಟರಲ್ಲಿ, ಕುಂಡಕ್ಕೆ ಸುತ್ತಿ ತಂದಿದ್ದ ಬಟ್ಟೆಯನ್ನು ಅವರ ಮುಂದೆ ಹಿಡಿದಳು.

“ಮೊದಲ ಪೆನ್ಸಿಲ್ ಒರಸ್ಕೋರಿ ಮಾಸ್ತರ. ಹಳದಿ ಹತ್ತೇತಿ.”